ಡೈರಿ ನಂಬರ್ ಇಲ್ಲದ ಬದಲಾವಣೆ

ಬಹಳ ದಿನದಿಂದ ಬರೀಬೇಕು ಅಂದುಕೊಂಡು ಮುಂದೂಡುತ್ತಾ ಬಂದ ವಿಷಯ ಇದು. ಮುಂದೂಡಿದ್ದಕ್ಕೆ ಸೋಮಾರಿತನ ಅರ್ಧ ಕಾರಣ, ನಾಚಿಕೆ ಇನ್ನರ್ಧ :-)

ನನ್ನ ಹೊಟ್ಟೆಪಾಡು ನೆಟ್‌ವರ್ಕ್ ಕೆಲಸ. ಕೆಲವು ವರ್ಷಗಳ ಹಿಂದೆ ಬೆಳಗಾವಿಯಲ್ಲಿ ಕೂತು ಜಿಲ್ಲೆಯ ಹತ್ತಾರು ಶಾಖೆಗಳ ರೌಟರ್, ಸ್ವಿಚ್ಚುಗಳನ್ನು ನೋಡಿಕೊಳ್ಳುತ್ತಿದ್ದೆ. ಯಾವ ಸಂಸ್ಥೆ ಅಂತ ಕೇಳಬೇಡಿ, ತಪ್ಪು ನನ್ನದೇ. ರಾಮದುರ್ಗ ತಾಲೂಕಿನ ಒಂದು ಶಾಖೆಗೆ ಹೊಸದಾಗಿ ಕ್ಯಾಮೆರಾ ಹಾಕಿದ್ದರು. ಅದಕ್ಕೊಂದು ಬೇರೆ ವಿಲ್ಯಾನ್ ಬೇಕು. ಒಂದೇ ತಂತಿಯಲ್ಲಿ ಹಲವು ಪ್ರತ್ಯೇಕ ನೆಟ್‌ವರ್ಕ್ ಓಡಿಸುವ ವ್ಯವಸ್ಥೆಗೆ ವಿಲ್ಯಾನ್ ಅಂತಾರೆ. ಆ ತಂತಿಯಲ್ಲಿ ಆಗಲೇ ಎರಡು ಓಡುತ್ತಿದ್ದವು. ಕೌಂಟರಿನ ಕಂಪ್ಯೂಟರುಗಳಿಗೆ 10, ನಾನು ದೂರದಿಂದ ಒಳಗೆ ಹೋಗುವುದಕ್ಕೆ 20. ಈಗ 30 ಸೇರಿಸಬೇಕಿತ್ತು. ಐದು ನಿಮಿಷದ ಕೆಲಸ. ಯಾರಿಗೂ ಹೇಳುವ ಅಗತ್ಯವಿಲ್ಲ ಅಂದುಕೊಂಡು ರಾತ್ರಿ ಹನ್ನೊಂದಕ್ಕೆ ನೋಟ್‌ಪ್ಯಾಡಿನಿಂದ ನಾಲ್ಕು ಸಾಲು ಕಾಪಿ ಮಾಡಿ ಒಮ್ಮೆಲೇ ಪೇಸ್ಟ್ ಮಾಡಿದೆ.

ಸ್ಕ್ರೀನು ಅಲ್ಲೇ ನಿಂತಿತು.

ಸಿಸ್ಕೋ ಸ್ವಿಚ್ ಬಲ್ಲವರಿಗೆ ಈಗಾಗಲೇ ನಗು ಬಂದಿರಬೇಕು. 'ಅಲೌಡ್ ವಿಲ್ಯಾನ್ ಆಡ್ 30' ಅಂತ ಬರೆದರೆ ಇದ್ದ ಪಟ್ಟಿಗೆ 30 ಸೇರುತ್ತದೆ. 'ಆಡ್' ಅನ್ನುವ ಒಂದು ಪದ ಬಿಟ್ಟು 'ಅಲೌಡ್ ವಿಲ್ಯಾನ್ 30' ಅಂತ ಬರೆದರೆ ಹಳೆಯ ಪಟ್ಟಿ ಅಳಿಸಿಹೋಗಿ 30 ಮಾತ್ರ ಉಳಿಯುತ್ತದೆ. ನಾನು 'ಆಡ್' ಬಿಟ್ಟಿದ್ದೆ. ಕೌಂಟರು ಹೋಯ್ತು, ನಾನು ಹೋಗುವ ದಾರಿಯೂ ಹೋಯ್ತು. ಸಾಲದ್ದಕ್ಕೆ ಪೇಸ್ಟ್ ಮಾಡಿದ ಕೊನೆಯ ಸಾಲು 'ಸೇವ್'. ಅಂದರೆ ಬೆಳಿಗ್ಗೆ ಯಾರಾದರೂ ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡಿದರೂ ಅದಕ್ಕೆ ನನ್ನ ತಪ್ಪೇ ನೆನಪಿರುತ್ತಿತ್ತು.

ಬೆಳಗಿನ ಮೊದಲ ಬಸ್ಸಿಗೆ ಹೊರಟು ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗ ಸೇರಿ, ಅಲ್ಲಿಂದ ಟಂಟಂ ಹಿಡಿದು ಶಾಖೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಕಟ್ಟೆಯ ಮೇಲೆ ಜನ ಕೂತಿದ್ದರು. ಒಬ್ಬ ಅಜ್ಜಿ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೈಯಲ್ಲಿ ಹಿಡಿದುಕೊಂಡು, "ಇವತ್ತ ಆಗೂದಿಲ್ಲೇನ್ರೀ? ಮೊಮ್ಮಗನ್ನ ದವಾಖಾನಿಗೆ ಹಾಕೇವ್ರಿ" ಅಂತ ಸಿಪಾಯಿಯನ್ನು ಕೇಳುತ್ತಿದ್ದಳು. ಲೈನ್ ಸರಿಯಾಗಿದ್ದು ಎರಡು ಗಂಟೆಗೆ. ಹೊರಗೆ ಬಂದು ನೋಡಿದರೆ ಅಜ್ಜಿ ಇರಲಿಲ್ಲ. ಒಂದೂವರೆಯ ಬಸ್ಸಿಗೆ ಊರಿಗೆ ಹೋದಳಂತೆ.

ವಾಪಸ್ ಬರುವಾಗ ಬೈಲಹೊಂಗಲ ತಾಲೂಕಿನ ನಮ್ಮೂರಲ್ಲಿ ಇಳಿದೆ. ನಮ್ಮ ಕಾಕಾ ತಲಾಠಿಯಾಗಿ ರಿಟೈರ್ ಆದವರು. ಮುಖ ನೋಡಿ ಏನಾಯ್ತು ಅಂತ ಕೇಳಿದರು, ಹೇಳಿದೆ.

"ಮದ್ಲ ಬರದು ಇಟ್ಟಿದ್ದೇನು, ಏನ್ ಮಾಡಾಂವ ಅಂತ?"

"ಇಲ್ಲ."

"ಆ ಶಾಖೆದವ್ರಿಗೆ ಹೇಳಿದ್ದೆ?"

"ಇಲ್ಲ."

"ಬ್ಯಾರೇದವ್ರು ಯಾರರ ನೋಡಿದ್ರು?"

"ಇಲ್ಲ ಕಾಕಾ."

"ಅಂದ್ರ ಡೈರಿ ಹಾಕದ ಉತಾರ ತಿದ್ದಿದಿ ಅನ್ನು. ನಮ್ಮ ಕಾಲದಾಗ ಇದಕ್ಕ ಸಸ್ಪೆಂಡ್ ಮಾಡ್ತಿದ್ರು ತಮ್ಮಾ."

ಬೆಂಗಳೂರು, ಮೈಸೂರು ಕಡೆಯ ಗೆಳೆಯರಿಗೆ ಅರ್ಥವಾಗಲಿ ಅಂತ ಹೇಳುತ್ತೇನೆ. ನೀವು ಪಹಣಿ ಅನ್ನುವುದಕ್ಕೆ ನಮ್ಮಲ್ಲಿ ಉತಾರ ಅಂತಾರೆ. ಜಮೀನು ಯಾರ ಹೆಸರಲ್ಲಿದೆ, ಎಷ್ಟು ಎಕರೆ, ಯಾರ ಬೋಜಾ (ಸಾಲ) ಇದೆ, ಎಲ್ಲ ಅದರಲ್ಲಿರುತ್ತದೆ. ಹಕ್ಕು ಬದಲಾದರೆ, ಅಂದರೆ ಮಾರಾಟವೋ ವಾಟ್ನಿಯೋ (ಪಾಲು) ಸಾವೋ ಆದರೆ, ನೇರವಾಗಿ ಉತಾರ ತಿದ್ದುವ ಹಾಗಿಲ್ಲ. ಮೊದಲು ವರದಿ ಕೊಡಬೇಕು. ಅದು ಮ್ಯುಟೇಶನ್ ರಿಜಿಸ್ಟರಿನಲ್ಲಿ ಒಂದು ನಂಬರಿನೊಂದಿಗೆ ದಾಖಲಾಗುತ್ತದೆ. ಆ ರಿಜಿಸ್ಟರನ್ನೇ ನಮ್ಮ ಜನ ಡೈರಿ ಅನ್ನುವುದು.

ಇದು ನಿನ್ನೆ ಮೊನ್ನೆಯದಲ್ಲ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಅಲ್ಲಿ 1903ರಲ್ಲೇ ಹಕ್ಕುದಾಖಲೆಯ ಕಾಯ್ದೆ ಬಂತು. 1913ರಲ್ಲಿ ಅದನ್ನು ಮುಂಬಯಿ ಭೂ ಕಂದಾಯ ಸಂಹಿತೆಯೊಳಗೇ ಸೇರಿಸಿದರು. ಆಗ ಈಗಿನ ಬೈಲಹೊಂಗಲ ತಾಲೂಕಿನ ಹೆಸರು ಸಂಪಗಾವಿ, ಸವದತ್ತಿಯದು ಪರಸಗಡ. ರಾಮದುರ್ಗ ಬೇರೆಯೇ ಸಂಸ್ಥಾನ, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಲೀನವಾಯ್ತು. ವಂಶಪಾರಂಪರ್ಯದ ಕುಲಕರ್ಣಿಕೆ 1950ರ ಕಾಯ್ದೆಯಿಂದ ಹೋಗಿ ಸಂಬಳದ ತಲಾಠಿಗಳು ಉಳಿದರು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 128 ಮತ್ತು 129ನೇ ಕಲಮುಗಳು ಈ ಪದ್ಧತಿಯನ್ನೇ ಮುಂದುವರಿಸಿದವು. ಸರಕಾರ ಬದಲಾಯ್ತು, ತಾಲೂಕಿನ ಹೆಸರು ಬದಲಾಯ್ತು, ಬೈಲಹೊಂಗಲದಿಂದ ಬೇರೆಯಾಗಿ ಕಿತ್ತೂರು ತನ್ನದೇ ತಾಲೂಕಾಯ್ತು. ಬದಲಾವಣೆ ಮಾಡುವ ರೀತಿ ಮಾತ್ರ ಹೆಚ್ಚು ಬದಲಾಗಲಿಲ್ಲ.

ಆ ರೀತಿಯನ್ನು ಕಾಕಾ ನನಗೆ ಬೆರಳು ಮಡಚಿ ಹೇಳಿದರು. ಒಂದು, ಏನು ಬದಲಾಗಬೇಕು ಅಂತ ಮೊದಲು ಬರಹದಲ್ಲಿ ಬರಬೇಕು. ಎರಡು, ಅದರ ಪ್ರತಿಯನ್ನು ಚಾವಡಿಯಲ್ಲಿ ಅಂಟಿಸಬೇಕು, ಸಂಬಂಧಪಟ್ಟವರಿಗೆಲ್ಲ ನೋಟೀಸು ಮುಟ್ಟಬೇಕು. ಮೂರು, ತಕರಾರಿಗೆ ಅವಧಿ ಇರಬೇಕು, ಅವರ ಕಾಲದಲ್ಲಿ ಅದು 30 ದಿನ. ನಾಲ್ಕು, ಬರೆದವನೇ ಮಂಜೂರು ಮಾಡುವಂತಿಲ್ಲ. ತಲಾಠಿ ಬರೆದದ್ದನ್ನು ಸರ್ಕಲ್ ಸಾಹೇಬರು (ಕಂದಾಯ ನಿರೀಕ್ಷಕರು) ಪರಿಶೀಲಿಸಿ ಪ್ರಮಾಣೀಕರಿಸಬೇಕು, ತಕರಾರು ಬಂದರೆ ಪ್ರಕರಣ ತಹಶೀಲ್ದಾರ ಕಚೇರಿಗೆ. ಐದು, ಹಳೆಯ ಹೆಸರನ್ನು ಕೆರೆದು ಅಳಿಸುವಂತಿಲ್ಲ. ಅದನ್ನು ಕಂಸದೊಳಗೆ ಹಾಕಿ ಪಕ್ಕದಲ್ಲಿ ಡೈರಿ ನಂಬರ್ ಬರೆಯಬೇಕು. ನಾಳೆ ಯಾರೇ ನೋಡಿದರೂ ಇದು ಯಾವಾಗ, ಯಾವ ಕಾರಣಕ್ಕೆ ಬದಲಾಯ್ತು ಅಂತ ಹಿಂದಕ್ಕೆ ಹೋಗಿ ನೋಡಬಹುದು.

ಹಳೆಯ ಮುಂಬಯಿ ಪದ್ಧತಿಯಲ್ಲಿ ಇನ್ನೊಂದು ಸಣ್ಣ ಸಂಗತಿ ಇತ್ತು. ಮಂಜೂರಾಗುವವರೆಗೆ ತಲಾಠಿ ಆ ನಮೂದನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದ. ಮಂಜೂರಾದ ಮೇಲಷ್ಟೇ ಶಾಯಿ. ಇದನ್ನು ಕೇಳಿದಾಗ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯ್ತು. ನಾನು ನೇರವಾಗಿ ಶಾಯಿಯಲ್ಲಿ ಬರೆದಿದ್ದೆ. ಪೆನ್ಸಿಲ್ ನನ್ನ ಬಳಿಯೂ ಇತ್ತು! ಸಿಸ್ಕೋದಲ್ಲಿ 'ರೀಲೋಡ್ ಇನ್ 10' ಅಂತ ಹಾಕಿ, ಸೇವ್ ಮಾಡದೆ ಕೆಲಸ ಶುರು ಮಾಡಿದರೆ, ನಾನು ಬಂದು ರದ್ದು ಮಾಡದಿದ್ದಲ್ಲಿ ಹತ್ತು ನಿಮಿಷಕ್ಕೆ ಯಂತ್ರ ತಾನೇ ರೀಸ್ಟಾರ್ಟ್ ಆಗಿ ಹಳೆಯ ಸ್ಥಿತಿಗೆ ಮರಳುತ್ತದೆ. ಜುನಿಪರ್ ರೌಟರಿನಲ್ಲಿ 'ಕಮಿಟ್ ಕನ್ಫರ್ಮ್ಡ್' ಅಂತ ಇದೆ. ಹತ್ತು ನಿಮಿಷದೊಳಗೆ 'ಹೌದು, ಸರಿಯಿದೆ' ಅಂತ ಎರಡನೇ ಸಲ ಹೇಳದಿದ್ದರೆ ಬದಲಾವಣೆ ತಾನಾಗಿ ಅಳಿಸಿಹೋಗುತ್ತದೆ. ರೀಸ್ಟಾರ್ಟ್ ಕೂಡ ಬೇಕಿಲ್ಲ.

ಕಾಕಾ ಒಂದು ಹಳೆಯ ಪ್ರಕರಣವನ್ನೂ ಹೇಳಿದರು. ಎಂಬತ್ತರ ದಶಕದ್ದು. ಅಪ್ಪ ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳು ವಾರಸಾ ವರದಿ ಕೊಟ್ಟರು. ಮೂರು ಹೆಸರು. ಮದುವೆಯಾಗಿ ರಾಮದುರ್ಗದ ಕಡೆ ಹೋಗಿದ್ದ ಅಕ್ಕನ ಹೆಸರಿಲ್ಲ. ಚಾವಡಿಯಲ್ಲಿ ಅಂಟಿಸಿದ್ದನ್ನು ನೋಡಿದ ಓಣಿಯವರೊಬ್ಬರು ಯಲ್ಲಮ್ಮನ ಜಾತ್ರೆಯಲ್ಲಿ ಅವಳ ಗಂಡನಿಗೆ ಹೇಳಿದರಂತೆ. ಅವಧಿ ಮುಗಿಯಲು ನಾಲ್ಕು ದಿನ ಇರುವಾಗ ಆಕೆ ಬಂದು ತಕರಾರು ಅರ್ಜಿ ಕೊಟ್ಟಳು. "ಅಕಿ ಹೆಸರ ಸೇರ್ಸೂದು ಬಿಟ್ಟಿದ್ರು. ನೀ ಆ ಶಬ್ದ ಬಿಟ್ಟಿ ಅಲಾ, ಹಂಗ" ಅಂದರು ಕಾಕಾ.

ನನ್ನ ಕಸುಬಿನ ಚರಿತ್ರೆಯನ್ನು ನಾನು ಮತ್ತೆ ಓದಲು ಶುರು ಮಾಡಿದ್ದು ಅದಾದ ಮೇಲೆ. ಓದುತ್ತಾ ಹೋದಂತೆ ಡೈರಿಯ ಒಂದೊಂದು ನಿಯಮವನ್ನೂ ನಾವು ಒಂದೊಂದು ದೊಡ್ಡ ಪೆಟ್ಟು ತಿಂದು ಕಲಿತಿದ್ದೇವೆ ಅನ್ನಿಸಿತು.

1990ರ ಜನವರಿ 15. ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರವಾಣಿ ಜಾಲದಲ್ಲಿ ಒಂದು ಸ್ವಿಚ್ ಕೆಟ್ಟು ತಾನೇ ರಿಪೇರಿ ಮಾಡಿಕೊಂಡು ಎದ್ದಿತು. ಎದ್ದಿದ್ದೇನೆ ಅಂತ ಅದು ಕಳಿಸಿದ ಸಂದೇಶಗಳಿಂದ ಪಕ್ಕದ ಸ್ವಿಚ್ಚುಗಳು ಬಿದ್ದವು. ಅವು ಎದ್ದಾಗ ಅವುಗಳ ಪಕ್ಕದವು. ಹೀಗೆ 114 ಸ್ವಿಚ್ಚುಗಳು ಸುಮಾರು ಒಂಬತ್ತು ಗಂಟೆ ಬಿದ್ದೂ ಎದ್ದೂ ಒದ್ದಾಡಿ ಕೋಟ್ಯಂತರ ಕರೆಗಳು ಹೋಗಲೇ ಇಲ್ಲ. ಕಾರಣ, ಕೆಲವೇ ವಾರಗಳ ಹಿಂದೆ ಎಲ್ಲ ಸ್ವಿಚ್ಚುಗಳಿಗೂ ಹಾಕಿದ್ದ ಹೊಸ ತಂತ್ರಾಂಶ. ಸಿ ಭಾಷೆಯಲ್ಲಿ ಬರೆದ ಆ ಪ್ರೋಗ್ರಾಮಿನಲ್ಲಿ ತಪ್ಪು ಜಾಗದಲ್ಲಿ ಕೂತ ಒಂದು 'ಬ್ರೇಕ್'. ಒಂದೇ ಬದಲಾವಣೆಯನ್ನು ಎಲ್ಲ ಕಡೆ ಹಾಕಿದ್ದರಿಂದ ಆಸರೆಗೆ ಹಳೆಯ ಸ್ವಿಚ್ ಒಂದೂ ಉಳಿದಿರಲಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಅಪ್‌ಡೇಟ್ ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ಮಲಗಿಸಿದಾಗಲೂ ಪಾಠ ಇದೇ. 34 ವರ್ಷ ಆಗಿತ್ತು ಅಷ್ಟೇ.

ಇದಕ್ಕೆ ಎದುರಾಗಿ ನಮ್ಮ 'ಭೂಮಿ' ಯೋಜನೆಯನ್ನು ನೋಡಿ. ಡೈರಿಯೇ ಕಂಪ್ಯೂಟರಿಗೆ ಬಂದ ಕಥೆ ಅದು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ಎನ್‌ಐಸಿ ಬರೆದ ತಂತ್ರಾಂಶದಲ್ಲಿ, 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ಆದರೆ ಒಮ್ಮೆಲೇ ಅಲ್ಲ. ಮೊದಲು ಬೆರಳೆಣಿಕೆಯ ತಾಲೂಕು, ಆಮೇಲೆ ಜಿಲ್ಲೆಗೊಂದು, ಆಮೇಲೆ ಆಗಿದ್ದ ಎಲ್ಲ 177 ತಾಲೂಕು. ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು ಗ್ರಾಮ ಲೆಕ್ಕಿಗರ ಕೈಯಲ್ಲೇ ಮೂಲದ ಜೊತೆ ತಾಳೆ ನೋಡಿಸಿದರು. ಒಂದು ತಾಲೂಕು ತಯಾರಾದ ಮೇಲಷ್ಟೇ ಅಲ್ಲಿ ಕೈಬರಹದ ಪಹಣಿಯನ್ನು ನಿಲ್ಲಿಸಿದರು. ಬದಲಾವಣೆ ಮಾಡಿದವರು ಯಾರು ಅಂತ ಆಮೇಲೆ 'ನಾನಲ್ಲ' ಅನ್ನಬಾರದೆಂದು ಬೆರಳಚ್ಚಿನ ಲಾಗಿನ್ ಇಟ್ಟರು. ಮೊದಲಿಗೆ ತಾಲೂಕಿಗೊಂದು ಪ್ರತ್ಯೇಕ ಕಂಪ್ಯೂಟರ್, ಅದರಲ್ಲಿ ಆ ತಾಲೂಕಿನ ದಾಖಲೆ. ತಪ್ಪಾದರೂ ಅದು ಆ ತಾಲೂಕಿನ ಗಡಿ ದಾಟುತ್ತಿರಲಿಲ್ಲ. 2005ರಲ್ಲಿ ಕೇಂದ್ರ ಮಂಜೂರು ಮಾಡಿದ ಯೋಜನೆಯಿಂದ ರಾಜಧಾನಿ, ಜಿಲ್ಲೆ, ತಾಲೂಕುಗಳನ್ನು ಕನಿಷ್ಠ 2 ಎಂಬಿಪಿಎಸ್ ಲೈನಿನಲ್ಲಿ ಜೋಡಿಸುವ ರಾಜ್ಯ ಜಾಲಗಳು ಬೆಳೆದವು. ದಾಖಲೆಗಳೂ ಒಂದೆಡೆ ಸೇರಿದವು. ಈಗ ಸವದತ್ತಿಯ ಉತಾರವನ್ನು ಎಲ್ಲಿ ಬೇಕಾದರೂ ಕೂತು ನೋಡಬಹುದು. ಒಳ್ಳೆಯದೇ. ಆದರೆ ತಪ್ಪಿಗೂ ಅಷ್ಟೇ ಉದ್ದದ ಕಾಲು ಬಂದಂತಾಯ್ತು.

ಆ ಕಾಲು ಎಷ್ಟು ಉದ್ದ ಅನ್ನುವುದಕ್ಕೆ 2008ರ ಫೆಬ್ರುವರಿ 24 ಸಾಕ್ಷಿ. ಯೂಟ್ಯೂಬನ್ನು ದೇಶದೊಳಗೆ ತಡೆಯಿರಿ ಅಂತ ಪಾಕಿಸ್ತಾನದಲ್ಲಿ ಆದೇಶವಾಯ್ತು. ಪಾಕಿಸ್ತಾನ ಟೆಲಿಕಾಂ, ಯೂಟ್ಯೂಬಿನ ವಿಳಾಸಗಳು ನಮ್ಮಲ್ಲಿವೆ ಅನ್ನುವ ಸುಳ್ಳು ದಾರಿಯೊಂದನ್ನು ತನ್ನ ಜಾಲಕ್ಕೆ ಹೇಳಿತು. ಅದು ಹೊರಗೆ ಸೋರಿ ಹಾಂಗ್‌ಕಾಂಗ್‌ನ ಪಿಸಿಸಿಡಬ್ಲ್ಯು ಕಂಪನಿಗೆ ಹೋಯ್ತು. ಅವರು ತಡೆದು ನೋಡಲಿಲ್ಲ, ಪ್ರಪಂಚಕ್ಕೆಲ್ಲ ಹಂಚಿದರು. ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಇಲ್ಲ.

ನೆಟ್‌ವರ್ಕ್ ಭಾಷೆಯಲ್ಲಿ ಪಿಸಿಸಿಡಬ್ಲ್ಯು 'ಅಪ್‌ಸ್ಟ್ರೀಮ್', ಅಂದರೆ ಹೊಳೆಯ ಮೇಲ್ಗಡೆಯವರು. ನಮ್ಮ ಕಡೆ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಯ ಅಣೆಕಟ್ಟು, ಅದರ ಕೆಳಗೆ ಮುನವಳ್ಳಿ, ರಾಮದುರ್ಗ. ಗೇಟು ಎತ್ತುವ ಮೊದಲು ಕೆಳಗಿನ ಹಳ್ಳಿಗಳಿಗೆ ಸುದ್ದಿ ಮುಟ್ಟಬೇಕು ಅನ್ನುವುದು ಮಕ್ಕಳಿಗೂ ಗೊತ್ತು. 2019ರ ಆಗಸ್ಟಿನ ಮಹಾಪೂರದಲ್ಲಿ ರಾಮದುರ್ಗದ ಓಣಿಗಳಲ್ಲಿ ನೀರು ನಿಂತದ್ದನ್ನು ಕಂಡವರಿಗೆ, ಮೇಲಿನ ಗೇಟು ಮತ್ತು ಕೆಳಗಿನ ಮನೆ ಬೇರೆ ಬೇರೆ ಅಲ್ಲ ಅಂತ ಚೆನ್ನಾಗಿ ಗೊತ್ತು. ನಾನು ಆ ರಾತ್ರಿ ಗೇಟು ತಿರುವಿದ್ದೆ, ಕೆಳಗಿನ ಊರಿಗೆ ಹೇಳಿರಲಿಲ್ಲ.

2021ರ ಅಕ್ಟೋಬರ್ 4ರ ರಾತ್ರಿ ನಿಮಗೂ ನೆನಪಿರಬೇಕು. ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಮಾಯ. ಫೇಸ್‌ಬುಕ್ಕಿನವರು ತಮ್ಮ ಬೆನ್ನೆಲುಬು ಜಾಲದ ಸಾಮರ್ಥ್ಯ ಅಳೆಯಲು ಕೊಟ್ಟ ಒಂದು ಆದೇಶ ಇಡೀ ಬೆನ್ನೆಲುಬನ್ನೇ ಕಡಿದುಹಾಕಿತು. ಇಂಥ ಆದೇಶವನ್ನು ತಡೆಯಲೆಂದೇ ಒಂದು ಪರೀಕ್ಷಕ ತಂತ್ರಾಂಶ ಇತ್ತು, ಅದರಲ್ಲೇ ದೋಷ. ರಿಪೇರಿ ಮಾಡಲು ದೂರದಿಂದ ಒಳಗೆ ಹೋಗುವ ದಾರಿಯೂ ಮುಚ್ಚಿ, ಎಂಜಿನಿಯರುಗಳು ಡೇಟಾ ಸೆಂಟರಿಗೇ ಹೋಗಬೇಕಾಯ್ತು. ರಾಮದುರ್ಗದ ಬಸ್ಸಿನಲ್ಲಿ ಕೂತಿದ್ದ ನನ್ನ ಕಥೆಯೇ :-)

ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಕೆನಡಾದ್ದು. 2022ರ ಜುಲೈ 8ರ ಬೆಳಗಿನ ಜಾವ ರೋಜರ್ಸ್ ಕಂಪನಿ ತನ್ನ ಮೂಲಜಾಲದ ಅಪ್‌ಗ್ರೇಡ್ ಮಾಡುತ್ತಿತ್ತು. ಏಳು ಹಂತಗಳ ಕೆಲಸ, ಅಂದು ಆರನೆಯದು. ಒಂದು ರೌಟರಿನಿಂದ ಒಂದು ಸೋಸುಗವನ್ನು, ಅಂದರೆ ಫಿಲ್ಟರನ್ನು, ತೆಗೆದರು. ಲೆಕ್ಕವಿಲ್ಲದಷ್ಟು ರೂಟುಗಳು ನುಗ್ಗಿ ಮೂಲಜಾಲ ಕುಸಿಯಿತು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಫೋನು, ಇಂಟರ್ನೆಟ್ಟು ಸುಮಾರು 26 ಗಂಟೆ ಇಲ್ಲ. ತುರ್ತು ಕರೆಯ 911 ಕೂಡ ಹಲವರಿಗೆ ಸಿಗಲಿಲ್ಲ. ಕಂಪನಿಯ ಸಿಬ್ಬಂದಿಯ ಫೋನುಗಳೂ ಅದೇ ಜಾಲದ್ದು, ಹಾಗಾಗಿ ಒಬ್ಬರಿಗೊಬ್ಬರು ಸಿಗುವುದೇ ಕಷ್ಟ. ಆಮೇಲೆ ನಡೆದ ಪರಿಶೀಲನೆಯಲ್ಲಿ ಹೊರಬಂದದ್ದು ಹೀಗೆ. ಈ ಕೆಲಸಕ್ಕೆ ಮೊದಲು 'ಹೆಚ್ಚಿನ ಅಪಾಯ' ಅಂತ ಗುರುತು ಹಾಕಿದ್ದರು. ಹಿಂದಿನ ಹಂತಗಳು ಸರಿಯಾಗಿ ಮುಗಿದವಲ್ಲ ಅಂತ ಅವರ ಲೆಕ್ಕದ ವ್ಯವಸ್ಥೆ ಮುಂದಿನವಕ್ಕೆ 'ಕಡಿಮೆ ಅಪಾಯ' ಅಂತ ಇಳಿಸಿತ್ತು. ಐದು ಸಲ ಹಳ್ಳ ದಾಟಿದವನು ಆರನೇ ಸಲ ಆಳ ನೋಡಲಿಲ್ಲ.

ಹಾಗಾದರೆ ಎಲ್ಲದಕ್ಕೂ ಮಂಜೂರಾತಿ ಇಟ್ಟರೆ ಮುಗಿಯಿತೇ? ಇಲ್ಲ ಅಂತ ನನಗಿಂತ ಕಾಕಾನಿಗೆ ಚೆನ್ನಾಗಿ ಗೊತ್ತು. ಎಂಬತ್ತರ ದಶಕದ ಕೊನೆಯಲ್ಲಿ ಬ್ರಿಟಿಷ್ ಸರಕಾರದ ಸಂಸ್ಥೆಯೊಂದು ಹೊರತಂದ 'ಐಟಿಐಎಲ್' ಪುಸ್ತಕಗಳಿಂದ ನಮ್ಮ ಕಸುಬಿಗೆ ಚೇಂಜ್ ಅಡ್ವೈಸರಿ ಬೋರ್ಡ್ ಅನ್ನುವ ಸಭೆ ಬಂತು. ವಾರಕ್ಕೊಮ್ಮೆ ಕೂತು ನೂರು ಬದಲಾವಣೆಗೆ ಮುಕ್ಕಾಲು ಗಂಟೆಯಲ್ಲಿ ಒಪ್ಪಿಗೆ ಕೊಡುವ ಸಭೆಗಳಲ್ಲಿ ನಾನೂ ಕೂತಿದ್ದೇನೆ. 'ಕೆಟ್ಟರೆ ಏನು ಮಾಡುತ್ತೀರಿ' ಅನ್ನುವ ಕಾಲಮಿನಲ್ಲಿ ಎಲ್ಲರೂ 'ಮೊದಲಿನಂತೆ ಮಾಡಲಾಗುವುದು' ಅಂತ ಬರೆಯುತ್ತಾರೆ, ಯಾರೂ ಹೇಗೆ ಅಂತ ಕೇಳುವುದಿಲ್ಲ. 2018ರ 'ಅಕ್ಸಲರೇಟ್' ಪುಸ್ತಕದ ಲೇಖಕರು ಹಲವು ಸಂಸ್ಥೆಗಳ ಸಮೀಕ್ಷೆ ಮಾಡಿ, ಹೊರಗಿನ ದೊಡ್ಡವರ ಒಪ್ಪಿಗೆಯಿಂದ ಕೆಲಸ ನಿಧಾನವಾಗುತ್ತದೆಯೇ ಹೊರತು ವೈಫಲ್ಯ ಕಡಿಮೆಯಾಗುವುದು ಕಾಣಲಿಲ್ಲ ಅಂತ ಬರೆದಿದ್ದಾರೆ. ಪಕ್ಕದಲ್ಲೇ ಕೂತು ಅದೇ ಕೆಲಸ ಬಲ್ಲವನು ನೋಡುವುದು ಬೇರೆ. ಅಕ್ಕನ ಹೆಸರು ಬಿಟ್ಟಿದ್ದು ಕಂಡದ್ದು ಓಣಿಯವರಿಗೆ, ಬೆಳಗಾವಿಯ ಸಾಹೇಬರಿಗಲ್ಲ.

ಒಪ್ಪಿಗೆ ಕೊಡುವವನೇ ಅದರಿಂದ ಲಾಭ ಪಡೆಯುವವನಾದರೆ ಏನಾಗುತ್ತದೆ ಅನ್ನುವುದಕ್ಕೆ ಕಿತ್ತೂರೇ ಇದೆ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ದತ್ತಕ ಸಲ್ಲದು ಅಂತಾದರೆ ಸಂಸ್ಥಾನ ಯಾರಿಗೆ? ಅದೇ ಕಂಪನಿಗೆ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ, ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು. ರಾಣಿ ಚೆನ್ನಮ್ಮ 1829ರ ಫೆಬ್ರುವರಿ 2ರಂದು ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ದೊಡ್ಡ ಚರಿತ್ರೆಯನ್ನು ಸಣ್ಣ ಮಾತಿಗೆ ಎಳೆಯುತ್ತಿದ್ದೇನೆ, ಕ್ಷಮಿಸಿ. ಆದರೆ ಸಹಿ ಹಾಕುವ ಅಧಿಕಾರ ಯಾರ ಕೈಯಲ್ಲಿದೆ ಅಂತ ಕೇಳುವಾಗೆಲ್ಲ ನನಗೆ ಇದೇ ನೆನಪಾಗುತ್ತದೆ.

ಸಣ್ಣ ಪ್ರಮಾಣದಲ್ಲಿ ಈ ರೋಗ ಡೈರಿಯಲ್ಲೂ ಇತ್ತು. ಕೈ ಬೆಚ್ಚಗೆ ಮಾಡದಿದ್ದರೆ ವರದಿ ಕಪಾಟಿನಲ್ಲೇ ಮಲಗುತ್ತಿತ್ತು. ಭೂಮಿ ತಂತ್ರಾಂಶದಲ್ಲಿ ಅದಕ್ಕೇ ಮೊದಲು ಬಂದ ಅರ್ಜಿ ಮೊದಲು ಅನ್ನುವ ಸರದಿ ಇಟ್ಟರು. ಕೆಳಗಿನ ಅರ್ಜಿಯನ್ನು ಮೇಲೆ ತರಲು ಕಂಪ್ಯೂಟರ್ ಬಿಡುವುದಿಲ್ಲ. ಅಂದರೆ ತಡೆ ಎಷ್ಟು ಮುಖ್ಯವೋ ತಡೆಗೆ ಒಂದು ಕೊನೆ ಇರುವುದೂ ಅಷ್ಟೇ ಮುಖ್ಯ.

ಈಗ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೇಲೆ 'ಡೈರಿ' ಅಂತಲೇ ಬರೆದಿದ್ದೇನೆ. ಯಾವುದೇ ಬದಲಾವಣೆಗೆ ಮುಂಚೆ ಇಷ್ಟನ್ನು ಬರೆಯುತ್ತೇನೆ:

1. ಈಗ ಏನಿದೆ, ಏನಾಗಬೇಕು. ಸಾಲು ಸಾಲಾಗಿ, ಟೈಪ್ ಮಾಡುವ ಹಾಗೆಯೇ.
2. ಇದು ಸೇರಿಸುವುದೋ, ಇದ್ದದ್ದನ್ನು ತೆಗೆದು ಹಾಕುವುದೋ. ಯಾರ ಹೆಸರು ಬಿಟ್ಟುಹೋಗಬಹುದು.
3. ಕೆಳಗಿನ ಊರಿನವರಿಗೆ ಹೇಳಿದ್ದೇನೆಯೇ. ಅವರಿಗೆ ಬೇಡ ಅನ್ನಲು ಸಮಯ ಇದೆಯೇ.
4. ನೋಡಿದವರು ಯಾರು. ನಾನಲ್ಲದವರು.
5. ಪೆನ್ಸಿಲ್ ಎಲ್ಲಿದೆ. ಹತ್ತು ನಿಮಿಷದ ಗಡಿಯಾರ ಹಾಕಿದ್ದೇನೆಯೇ.
6. ದಾರಿ ಮುಚ್ಚಿದರೆ ಬೇರೆ ದಾರಿ ಯಾವುದು. ಬೀಗದ ಕೈ ಯಾರ ಬಳಿ.
7. ಮುಗಿದ ಮೇಲೆ ಸರಿಯಾಗಿದೆ ಅಂತ ಯಾರು ಹೇಳಬೇಕು.

ಕೊನೆಯದನ್ನು ನಾನೇ ಹೇಳುವುದಿಲ್ಲ. ಕೌಂಟರಿನವರು 'ಒಂದು ಪಾಸ್‌ಬುಕ್ ಎಂಟ್ರಿ ಹೊಡೆದೆವು, ಆಯ್ತು' ಅನ್ನಬೇಕು.

ಎರಡು ವರ್ಷದ ನಂತರ ಅದೇ ಶಾಖೆಗೆ ಮತ್ತೆ ಒಂದು ಬದಲಾವಣೆ ಮಾಡುವುದಿತ್ತು. ಎರಡು ದಿನ ಮೊದಲೇ ಮ್ಯಾನೇಜರಿಗೆ ಫೋನ್ ಮಾಡಿದೆ. "ಗುರುವಾರ ಬ್ಯಾಡ್ರೀ, ಅವತ್ತ ಪೆನ್ಶನ್ ದಿನ" ಅಂದರು. ನನ್ನ ಫಾರ್ಮಿನಲ್ಲಿ ಗುರುವಾರ ಅಂತಲೇ ಇತ್ತು, ಮೇಲಿನವರು ಸಹಿಯನ್ನೂ ಹಾಕಿದ್ದರು. ಶನಿವಾರಕ್ಕೆ ಬದಲಿಸಿದೆ. ಹತ್ತು ನಿಮಿಷದ ಗಡಿಯಾರ ಹಾಕಿ ಕೆಲಸ ಶುರು ಮಾಡಿದೆ, ಆರನೇ ನಿಮಿಷಕ್ಕೆ ಮುಗಿಯಿತು. ಸೇವ್ ಮಾಡುವ ಮೊದಲು ಇನ್ನೊಮ್ಮೆ 'ಆಡ್' ಇದೆಯಾ ಅಂತ ನೋಡಿದೆ. ಇತ್ತು.

ಆ ಅಜ್ಜಿ ಮತ್ತೆ ಸಿಗಲಿಲ್ಲ. ಮೊಮ್ಮಗ ಹುಷಾರಾದನಾ ಅಂತ ಕೇಳಬೇಕು ಅನ್ನಿಸುತ್ತಲೇ ಇರುತ್ತದೆ.

ನಿಮ್ಮಲ್ಲೂ ನೆಟ್‌ವರ್ಕ್ ಮಂದಿ ಇದ್ದೀರಿ, ಕಂದಾಯ ಇಲಾಖೆಯವರ ಮನೆಯವರೂ ಇದ್ದೀರಿ ಅಂತ ಗೊತ್ತು. ಇಂಥ 'ಆಡ್' ಬಿಟ್ಟ ಕಥೆಗಳು ನಿಮ್ಮ ಹತ್ತಿರವೂ ಇರಬೇಕು. ನಾಚಿಕೆ ಬಿಟ್ಟು ಬರೆಯಿರಿ, ನಾನೇ ಮೊದಲು ಬರೆದಿದ್ದೇನಲ್ಲ :-)